ಉಬ್ಬುಕೆತ್ತನೆಯಲ್ಲಿ ‘ಆಳ’ ಎಂದರೆ ಯಾವ ಆಳ?

ಮಾನ್ಯರೆ,

ಮೈಸೂರಿನಲ್ಲಿ ಕೆಲವು ತಿಂಗಳಿಂದ ಮರದ ಉಬ್ಬುಕೆತ್ತನೆಯನ್ನು ಕಲಿಯುತ್ತಿದ್ದೇನೆ. ಒಂದು ಅಂಗುಲ ದಪ್ಪದ ಶಿವನೆ ಮರದ ಹಲಗೆಯ ಮೇಲೆ ಪಕ್ಕದಿಂದ ಕಾಣುವ ಆನೆಯೊಂದನ್ನು ಬರೆದುಕೊಂಡು ಕೆತ್ತುತ್ತಿದ್ದಾಗ, ಕಲಿಸುವವರು ಬಂದು ನೋಡಿ ‘ಕಿವಿಗೆ ಇನ್ನೂ ಆಳ ಬೇಕು’ ಎಂದರು. ನಾನು ಕಿವಿಯನ್ನೇ ಎರಡು ಮಿಲಿಮೀಟರ್ ಕೆತ್ತಿ ಇಳಿಸಿಬಿಟ್ಟೆ. ಕಿವಿಯ ಹಿಂದಿನ ಕತ್ತು, ಭುಜಗಳನ್ನು ತಗ್ಗಿಸಿ ಕಿವಿಯನ್ನು ಮುಂದೆ ತರಬೇಕೆಂಬುದು ಅವರ ಮಾತಿನ ಅರ್ಥವಾಗಿತ್ತು. ತೆಗೆದ ಮರವನ್ನು ಮತ್ತೆ ಕೂಡಿಸಲಾಗದ ಕಾರಣ, ಕೆಟ್ಟ ಕಿವಿಗೆ ಹೊಂದುವಂತೆ ಇಡೀ ಆನೆಯನ್ನೇ ಇಳಿಸಬೇಕಾಯಿತು.

ತಪ್ಪು ನನ್ನದೇ ಆದರೂ ಅದರಲ್ಲಿ ಪದದ ಪಾಲೂ ಇದೆಯೆಂದು ನನ್ನ ಅನಿಸಿಕೆ. ಹಲಗೆಯ ಮೇಲ್ಮೈಯಿಂದ ಉಳಿ ಎಷ್ಟು ಕೆಳಗಿಳಿಯಿತು ಎಂಬ ಅಳತೆಯೂ ‘ಆಳ’ವೇ, ನೋಡುವವರ ಕಣ್ಣಿಗೆ ಒಂದು ಅಂಗ ಇನ್ನೊಂದರಿಂದ ಎಷ್ಟು ದೂರ ನಿಂತಂತೆ ತೋರುತ್ತದೆ ಎಂಬುದೂ ‘ಆಳ’ವೇ. ಮೊದಲನೆಯದು ಅಳತೆಪಟ್ಟಿಗೆ ಸಿಗುತ್ತದೆ, ಎರಡನೆಯದು ಬೆಳಕು ನೆರಳಿನಲ್ಲಿ ಮಾತ್ರ ಇರುತ್ತದೆ. ಒಟ್ಟು ಹತ್ತು ಮಿಲಿಮೀಟರಿನೊಳಗೆ ಕಿವಿ, ಹೊಟ್ಟೆ, ಆಚೆಬದಿಯ ಕಾಲು ಎಲ್ಲವನ್ನೂ ಅಡಕಬೇಕಾದ ಹೊಸಬರು ಈ ಎರಡನ್ನೂ ಬೇರೆಯಾಗಿ ಎಣಿಸದೆ ಉಳಿ ಹಿಡಿಯುವಂತಿಲ್ಲ. ಮೊದಲನೆಯದಕ್ಕೆ ‘ತಗ್ಗು’ ಎನ್ನಬಹುದೆಂದು ನನಗೆ ತೋರುತ್ತದೆ. ನಕ್ಷೆಯಲ್ಲಿ ಮಿಲಿಮೀಟರ್ ಲೆಕ್ಕದಲ್ಲಿ ಕಿವಿಯ ಮೇಲೆ ಸೊನ್ನೆ, ಭುಜದ ಮೇಲೆ ಮೂರು, ಆಚೆಯ ಕಾಲಿನ ಮೇಲೆ ಎಂಟು, ಹಿನ್ನೆಲೆಯ ಮೇಲೆ ಹತ್ತು ಎಂದು ಬರೆದುಕೊಂಡರೆ ‘ಎಂಟರ ತಗ್ಗು’ ಎಂಬ ಮಾತು ಯಾರನ್ನೂ ದಾರಿ ತಪ್ಪಿಸುವುದಿಲ್ಲ.

‘ಉಬ್ಬು’ ಎಂಬ ಪದದ ಬಗೆಗೂ ನನಗೆ ಸಣ್ಣದೊಂದು ತಕರಾರಿದೆ. ಬೆಳ್ಳಿಯ ತಗಡನ್ನು ಹಿಂದಿನಿಂದ ಬಡಿದು ದೇವರ ಕವಚ ಮಾಡುವಾಗ ಆಕೃತಿ ನಿಜವಾಗಿಯೂ ಉಬ್ಬುತ್ತದೆ. ಮರದಲ್ಲಾಗಲಿ, ಸೋಮನಾಥಪುರದ ಕೇಶವ ದೇವಾಲಯದ ಕೆಳಸಾಲಿನ ಆನೆಗಳನ್ನು ಕಡೆದ ಬಳಪದ ಕಲ್ಲಿನಲ್ಲಾಗಲಿ ಏನೂ ಉಬ್ಬುವುದಿಲ್ಲ, ಸುತ್ತಲಿನದು ಹೋಗಿ ಆನೆ ಉಳಿಯುತ್ತದೆ, ಅಷ್ಟೆ. ಶಿಲ್ಪಶಾಸ್ತ್ರದಲ್ಲಿ ಎಲ್ಲ ಬದಿಗೂ ಪೂರ್ಣವಾದ ಮೂರ್ತಿ ‘ಚಿತ್ರ’, ಅರ್ಧವಷ್ಟೇ ಹೊರತೋರುವುದು ‘ಅರ್ಧಚಿತ್ರ’, ಬಣ್ಣದಲ್ಲಿ ಬರೆದದ್ದು ‘ಚಿತ್ರಾಭಾಸ’. ಈ ‘ಅರ್ಧಚಿತ್ರ’ ನಿಖರವಾದ ಪದ. ಆದರೆ ಇಂದು ಅದನ್ನು ಕೇಳಿದವರು ಅರ್ಧಕ್ಕೆ ನಿಂತ ಚಿತ್ರವೆಂದೇ ತಿಳಿದಾರು. ಆದ್ದರಿಂದ ಹೆಸರಾಗಿ ‘ಉಬ್ಬುಕೆತ್ತನೆ’ ಇರಲಿ, ಕೆಲಸದ ಸೂಚನೆಯಲ್ಲಿ ಮಾತ್ರ ‘ಉಬ್ಬಿಸಿ’ ಎನ್ನುವುದು ಬೇಡ.

ನಿಜವಾದ ತೊಡಕು ಮುಂದಿನದು. ಬೇರೆ ಬೇರೆ ತಗ್ಗಿನಲ್ಲಿರುವ ಭಾಗಗಳನ್ನು ‘ಪದರ’ ಎಂದರೆ ಒಂದರ ಮೇಲೊಂದು ಹೊದಿಸಿದಂತಾಗುತ್ತದೆ. ‘ಹಂತ’ ಎಂದರೆ ಕೆಲಸದ ಹಂತವೋ ಮರದ ಹಂತವೋ ತಿಳಿಯದು. ‘ಮಟ್ಟ’ ಹತ್ತಿರದ ಪದ. ಆದರೆ ರಸಮಟ್ಟ (ಮೇಲ್ಮೈ ಸಮವಾಗಿದೆಯೇ ಎಂದು ನೋಡುವ ಸಾಧನ) ಇಟ್ಟು ಕೆಲಸ ಮಾಡುವವರ ಬಾಯಲ್ಲಿ ‘ಮಟ್ಟ ಮಾಡು’ ಎಂದರೆ ಸಪಾಟು ಮಾಡು ಎಂದೇ ಅರ್ಥ. ಅದನ್ನು ನಂಬಿದ ಹೊಸಬರ ಆನೆ ರಟ್ಟು ಕತ್ತರಿಸಿ ಅಂಟಿಸಿದಂತೆ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ತಗ್ಗು ಗೊತ್ತಾದ ಮೇಲೆ ಅಂಚುಗಳನ್ನು ಇಳಿಜಾರಾಗಿ ತಿರುಗಿಸಿ ಹೊಟ್ಟೆಗೆ ದುಂಡು ತರುವ ಕೆಲಸಕ್ಕೆ ‘ಆಕಾರ ಕೊಡು’ ಎನ್ನುತ್ತೇವೆ. ಹೊರಗೆರೆಯನ್ನು ಕತ್ತರಿಸುವುದಕ್ಕೂ ಅದೇ ಮಾತು.

ಮೈಸೂರು, ಮಂಡ್ಯದ ಕಡೆ ಮರಗೆಲಸದ ಮನೆತನಗಳ ಒಡನಾಟವಿರುವವರು ದಯವಿಟ್ಟು ತಿಳಿಸಿ: ಸಪಾಟಲ್ಲದ ಮಟ್ಟಕ್ಕೂ, ಹೊರಗೆರೆಯಲ್ಲದ ಆಕಾರಕ್ಕೂ ಕೆಲಸದ ನಡುವೆ ನೀವು ಕೇಳಿದ ಪದಗಳಾವುವು?