ಕಬಡ್ಡಿ: ಎತ್ತರದ ಹುಡುಗನ್ನ ಕಾರ್ನರ್‌ಗೆ ಹಾಕೂದೋ ಕವರ್‌ಗೋ?

ಮುಧೋಳ_ಮಾಮಾ:
ನಮಸ್ಕಾರ್ರಿ. ನಮ್ಮ ಅಕ್ಕನ ಮಗ ಹತ್ತನೇತ್ತಾದಾಗ ಅದಾನ, ಆರು ಅಡಿ ಹತ್ರ ಬಂದಾನ, ತೂಕ 66 ಕಿಲೊ. ಸಾಲ್ಯಾಗ ಸರ್ ಅವನ್ನ ಬಲ ಕಾರ್ನರ್‌ಗೆ, ಅಂದ್ರ ಹಿಡಿಯಾವ್ರ ಸಾಲಿನ ಬಲ ತುದೀಗೆ, ನಿಂದರ್ಸ್ಯಾರ, ಕೈ ಉದ್ದ ಅದಾವ ಕಾಲ ಸಿಗ್ತಾವ ಅಂತ. ಆದ್ರ ರೇಡರ್ (ಎದುರಿನ ತಂಡದಿಂದ ಮುಟ್ಟಾಕ ಬರಾಂವ) ಬೋನಸ್ ಪಾಯಿಂಟ್‌ಗೆ ಅಂತ ಸುಮ್ನ ಕಾಲ ತೋರ್ಸಿದ್ರೂ ಸಾಕು ಇಂವ ಹೋಗಿ ಬೀಳ್ತಾನ, ಅಂವ ಕಾಲ ಹಿಂದ ತಗೊಂಡು ಇವನ ಬೆನ್ನ ಮುಟ್ಟಿ ನಕ್ಕೋತ ಹೋಗ್ತಾನ. ಜಾತ್ರಿ ಟೂರ್ನಮೆಂಟ್ ನೋಡಿದವ್ರು ಒಬ್ಬೊಬ್ರು ಒಂದೊಂದ ಹೇಳಾಕತ್ಯಾರ, ಕವರ್‌ಗೆ (ಕಾರ್ನರ್‌ಗಿಂತ ಒಳಗಿನ ಜಾಗಾ) ಹಾಕ್ರಿ, ರೇಡರ್ ಮಾಡ್ರಿ ಅಂತ. ಅವನ ಜಾಗಾ ಯಾವ್ದಂತ ಹೆಂಗ ಗೊತ್ತ ಹಚ್ಚೂದ್ರಿ?

ಬನಹಟ್ಟಿ_ಡಿಫೆಂಡರ್:
ಎತ್ತರ ನೋಡಬ್ಯಾಡ್ರಿ, ಅವನ ಸ್ವಭಾವ ನೋಡ್ರಿ. ಕಾರ್ನರ್‌ದವಗ ತಾಳ್ಮಿ ಬೇಕು. ರೇಡರ್‌ಗೆ ಇರೂದ 30 ಸೆಕೆಂಡ್, ಅಷ್ಟ್ರಾಗ ಎಷ್ಟೋ ಸಲ ಸುಳ್ಳ ಕಾಲ ಹಾಕ್ತಾನ, ಅದಕ್ಕೆಲ್ಲಾ ಬೀಳಬಾರ್ದು, ಊರಿದ ಕಾಲ ಮ್ಯಾಲ ಪೂರಾ ಭಾರ ಬಂತಂದ್ರ ಅದನ್ನ ಅಂವ ಲಗೂನ ಎತ್ತಾಕ ಬರಂಗಿಲ್ಲ, ಆವಾಗ ಆ್ಯಂಕಲ್ ಹೋಲ್ಡ್, ಅಂದ್ರ ಪಾದದ ಗಂಟಿಗೆ ಹಿಡ್ತ, ಹಾಕಿದ್ರ ಸಿಕ್ತು. ನಿಮ್ಮ ಹುಡುಗ ಮುಂದ ನುಗ್ಗಾಂವ ಅನಸ್ತದ, ಅಂಥವ್ರಿಗೆ ಕವರ್ ಚಲೋ. ರೇಡರ್ ತಿರುಗಿ ಮಿಡ್ ಲೈನ್ ಕಡೆ ಹೊಂಟಾಗ ಅಡ್ಡ ಬಂದು ಬ್ಲಾಕ್, ಬಾಜೂಕ ಹೋದಾಗ ಮೈಲೆ ಗುದ್ದಿ ಡ್ಯಾಶ್ ಹೊಡದು ಗೆರಿ ಹೊರಗ. ಪ್ರೊ ಕಬಡ್ಡಿಯಾಗ ಬೆಂಗಳೂರು ಬುಲ್ಸ್ ತಂಡದ ಮಹೇಂದರ್ ಸಿಂಗ್ ಎಡ ಕವರ್‌ದಾಗ ಮಾಡ್ತಿದ್ದದ್ದು ಇದನ್ನ. ಇರಾನ್‌ದ ಫಜಲ್ ಅತ್ರಾಚಲಿ ಎಡ ಕಾರ್ನರ್, ಅಂವ ಎಷ್ಟ ಹೊತ್ತ ಸುಮ್ನ ನಿಂದರ್ತಾನ ನೋಡ್ರಿ. ಇಬ್ರದೂ ವಿಡಿಯೊ ಹುಡುಗಗ ತೋರ್ಸ್ರಿ.

ಇಂಡಿ_ಎಕ್ಸ್‌ಪ್ರೆಸ್:
ರೇಡರ್ ಮಾಡ್ರಿ ಮಾಮಾ, ಉದ್ದ ಕೈ ವೇಸ್ಟ್ ಆಗಬಾರ್ದು 😄

ಹಳೇ_ಪಿಟಿ_ಮೇಷ್ಟ್ರು:
ಕವರ್ ಅನ್ನೂದ ಒಪ್ತೇನಿ, ಆದ್ರ ಮೊದ್ಲ ಯಾವ ಬಾಜೂ ಅನ್ನೂದ ಬಗಿಹರಿಸ್ರಿ, ಇದನ್ನ ಯಾರೂ ಕೇಳಂಗಿಲ್ಲ. ಎಡ ಕಾರ್ನರ್‌ದಾಗ ನಿಂತವಗ ರೇಡರ್ ಬಲಕ್ಕಿರ್ತಾನ, ಬಲ ಹೆಗಲ ಮುಂದ ಮಾಡಿ ಬೀಳಬೇಕು, ಬಲ ಕಾರ್ನರ್‌ದಾಗ ಇದರ ಉಲ್ಟಾ. ಹುಡುಗ ಬಲಗೈಯಾಂವ ಇದ್ದು ಅವನ್ನ ಬಲ ಕಾರ್ನರ್‌ಗೆ ಹಾಕಿದ್ರ ಹಿಡ್ತ ಜಾರ್ತದ, ಜಾರ್ತದಂತ ಗಡಬಡಿ ಮಾಡ್ತಾನ, ಆಮ್ಯಾಲ ನಾವು ತಾಳ್ಮಿ ಇಲ್ಲ ಅಂತೇವಿ. ಯಾವ ಕೈಯಾಂವ ಅದಾನ್ರಿ?

ಮುಧೋಳ_ಮಾಮಾ:
ಊಟ ಒಂದ ಬಿಟ್ಟು ಎಲ್ಲಾ ಎಡಗೈಲೇನ ಮಾಡ್ತಾನ್ರಿ ಸರ. ಊಟಕ್ಕೂ ಅವರ ಅಜ್ಜಿ ಬೈದು ಬೈದು ಬದಲ್ ಮಾಡ್ಸ್ಯಾಳ.

ಹಳೇ_ಪಿಟಿ_ಮೇಷ್ಟ್ರು:
ಹಂಗಿದ್ರ ಸಾಲಿ ಸರ್ ಬಾಜೂ ಬರೋಬ್ಬರಿ ಹಿಡದಾರ. ಬಲಗಡೇನ ಇರ್ಲಿ, ಒಳಗ ಸರಸಿ ಬಲ ಕವರ್ ಮಾಡ್ರಿ. ಪ್ರೊ ಕಬಡ್ಡಿ ಆಟಗಾರ ಸುರ್ಜೀತ್ ಸಿಂಗ್ ಆಟ ತೋರ್ಸ್ರಿ, ಬಲ ಕವರ್ ಅಂದ್ರ ಏನಂತ ತಿಳೀತದ. ಪ್ರಾಕ್ಟೀಸ್‌ದಾಗ ಒಂದೊಂದ್ ದಿನ ಕಾರ್ನರ್‌ಗೂ ನಿಂದರ್ಸ್ರಿ, ಯಾಕಂದ್ರ ಅಂಕಣದಾಗ ಮೂರ ಮಂದಿ ಉಳದಾಗ ಕವರ್ರೂ ಇಲ್ಲ ಕಾರ್ನರ್ರೂ ಇಲ್ಲ, ಯಾರ ಹತ್ರ ಬಂದ್ರೂ ಅವ್ರ ಹಿಡೀಬೇಕು, ಹಿಡದ್ರ ಸೂಪರ್ ಟ್ಯಾಕಲ್, ಒಂದ ಪಾಯಿಂಟ್ ಜಾಸ್ತಿ.

ಬನಹಟ್ಟಿ_ಡಿಫೆಂಡರ್:
ಸರ ಹೇಳಿದ್ದ ಬರೋಬ್ಬರಿ. ಮಾಮಾ, ಬಲ ಕಾರ್ನರ್‌ಗೆ ಈಗ ಯಾರ್ನ ಹಾಕ್ತಾರ ಅದನ್ನೂ ಕೇಳ್ರಿ. ಅಂವ ಕಾಲ ಹಿಡದಾಗ ನಿಮ್ಮ ಹುಡುಗ ತಡಾ ಮಾಡ್ದ ಮ್ಯಾಲ ಬೀಳಬೇಕು, ಇಬ್ರೂ ಕೂಡೇ ಪ್ರಾಕ್ಟೀಸ್ ಮಾಡ್ಲಿ.