ಸೇವೆಯ ಗಂಟೆ ಲೆಕ್ಕ ಬಿಡಬಹುದೇ?

ಸೇವಾ ಸಂಯೋಜಕಿ:
ಆರುನೂರು ವಿದ್ಯಾರ್ಥಿಗಳಿರುವ ಕ್ರೈಸ್ತ ಕಾಲೇಜೊಂದರಲ್ಲಿ ಸಮಾಜ ಸೇವೆಯ ಹೊಣೆ ನನ್ನದು. ಪ್ರತಿಯೊಬ್ಬರೂ ವರ್ಷಕ್ಕೆ 30 ಗಂಟೆ ಸೇವೆ ಮಾಡಿ, ಪುಸ್ತಕದಲ್ಲಿ ಸಹಿ ಹಾಕಿಸಿಕೊಂಡು ಬರಬೇಕು. ಕಳೆದ ವಾರ ನಾವು ಹೋಗುವ ವೃದ್ಧಾಶ್ರಮದಲ್ಲಿ ಒಬ್ಬ ಅಜ್ಜಿ, "ನನಗೆ ಪತ್ರಿಕೆ ಓದಿ ಹೇಳುತ್ತಿದ್ದ ಹುಡುಗ ಏಕೆ ಬರುತ್ತಿಲ್ಲ? ಹುಷಾರಿಲ್ಲವೇ?" ಎಂದು ಕೇಳಿದರು. ಅವನಿಗೆ ಏನೂ ಆಗಿರಲಿಲ್ಲ. 30 ಗಂಟೆ ಮುಗಿದಿತ್ತು, ಅಷ್ಟೆ. ನನಗೆ ಮಾತೇ ಹೊರಡಲಿಲ್ಲ.

ಕಡ್ಡಾಯ ತೆಗೆದರೆ ಯಾರೂ ಬರಲಿಕ್ಕಿಲ್ಲ ಎಂಬ ಭಯ. ಉಳಿಸಿಕೊಂಡರೆ ಆ ಅಜ್ಜಿಯ ಮುಂದೆ ಮತ್ತೆ ಹೇಗೆ ನಿಲ್ಲಲಿ? ನಮ್ಮ ಮಕ್ಕಳಲ್ಲಿ ಹಲವರು ಸಂಜೆ ದುಡಿದು ಓದುವವರು ಎಂಬುದನ್ನೂ ನೆನಪಿಟ್ಟು ಸಲಹೆ ಕೊಡಿ.

ಅಧ್ಯಾಪಕ:
ಕಡ್ಡಾಯವನ್ನೇ ದೂರಬೇಡಿ. ಅಮೆರಿಕದಲ್ಲಿ ಮೆನೊನೈಟ್ ಎಂಬ ಕ್ರೈಸ್ತ ಪಂಥದ ಗೋಶನ್ ಕಾಲೇಜು 1968ರಲ್ಲಿ ಒಂದು ಪದ್ಧತಿ ಆರಂಭಿಸಿತು. ವಿದ್ಯಾರ್ಥಿಗಳು ಹೊರದೇಶಕ್ಕೆ ಹೋಗಿ ಅಲ್ಲಿನ ಕುಟುಂಬದ ಮನೆಯಲ್ಲಿ ಇರುತ್ತಾರೆ. ಅವಧಿಯ ಮೊದಲರ್ಧ ಭಾಷೆ, ಸಂಸ್ಕೃತಿಯ ಕಲಿಕೆ, ಆಮೇಲೆ ಸೇವೆ. ಆ ಕ್ರಮ ನನಗೆ ಬಹಳ ಹಿಡಿಸುತ್ತದೆ. ಯಾರ ಮನೆಗೆ ಹೋಗುತ್ತೇವೋ ಅವರ ಮಾತು ಮೊದಲು ಕಿವಿಗೆ ಬೀಳಬೇಕು. ನಿಮ್ಮ ಹುಡುಗರು ವೃದ್ಧಾಶ್ರಮದ ಬಾಗಿಲು ದಾಟುವ ಮುನ್ನ ಅಲ್ಲಿನವರ ಬಗ್ಗೆ ಏನಾದರೂ ತಿಳಿದಿರುತ್ತಾರೆಯೇ?

ಹಣಕಾಸು ನೆರವಿನ ಗುಮಾಸ್ತೆ:
ದುಡಿದು ಓದುವ ಮಕ್ಕಳ ವಿಷಯಕ್ಕೆ ಬರುತ್ತೇನೆ. ನಿಮ್ಮದು ಅಮೆರಿಕದ ಕಾಲೇಜಾಗಿದ್ದು, ಫೆಡರಲ್ ವರ್ಕ್-ಸ್ಟಡಿ ಹಣ (ದುಡಿದು ಓದುವವರ ಸಂಬಳಕ್ಕೆಂದು ಅಲ್ಲಿನ ಕೇಂದ್ರ ಸರ್ಕಾರ ಕಾಲೇಜಿಗೆ ಕೊಡುವ ನೆರವು) ಬರುತ್ತಿದ್ದರೆ, ಅದರಲ್ಲಿ ಕನಿಷ್ಠ ಶೇ. 7ರಷ್ಟು ಸಮುದಾಯ ಸೇವೆಯ ಕೆಲಸಕ್ಕೇ ಹೋಗಬೇಕೆಂಬ ನಿಯಮವಿದೆ. ಸಂಜೆ ಅಂಗಡಿಯಲ್ಲಿ ನಿಲ್ಲುವ ಹುಡುಗಿಗೆ ಅದೇ ಸಂಜೆ ಮಕ್ಕಳಿಗೆ ಪಾಠ ಹೇಳಿ ಸಂಬಳ ಪಡೆಯುವ ದಾರಿ ಇದು. ಸಂಬಳ ಬಂದರೆ ಸೇವೆ ಕೆಡುತ್ತದೆ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಬಾಡಿಗೆ ಕಟ್ಟಬೇಕಾದವರಿಗೆ ಪುಕ್ಕಟೆ 30 ಗಂಟೆ ಹಗುರವಲ್ಲ.

ಆರೈಕೆ ಕೆಲಸದವಳು:
ನಾನು ಕಾಲೇಜಿನವಳಲ್ಲ, ವೃದ್ಧರ ಆರೈಕೆ ಮಾಡುವವಳು. ಒಂದೇ ಶನಿವಾರ ಹನ್ನೆರಡು ಮಕ್ಕಳು ಬಂದರೆ ಅವರನ್ನು ನೋಡಿಕೊಳ್ಳುವುದೇ ನಮಗೆ ಕೆಲಸವಾಗುತ್ತದೆ. ಇಬ್ಬರು ಸಾಕು, ಆದರೆ ವಾರವಾರವೂ ಅದೇ ಇಬ್ಬರು ಬರಲಿ. ನಮ್ಮಲ್ಲಿ ಒಬ್ಬ ತಾತನಿಗೆ ಮರೆವಿನ ಕಾಯಿಲೆ. ವಾರವಾರ ಅವರನ್ನು ನೋಡಲು ಬರುತ್ತಿದ್ದ ಹುಡುಗಿಯ ಹೆಸರು ಒಮ್ಮೆಯೂ ನೆನಪಾಗಲಿಲ್ಲ. ಬುಧವಾರ ನಾಲ್ಕಾದರೆ ಮಾತ್ರ ಕುರ್ಚಿಯನ್ನು ಬಾಗಿಲ ಕಡೆ ತಿರುಗಿಸಿಕೊಳ್ಳುತ್ತಿದ್ದರು. ಬಿಡುವವರು "ಇದು ನನ್ನ ಕೊನೆಯ ವಾರ" ಎಂದು ಹೇಳಿ ಹೋಗಲಿ. ಮುಂದೆ ಬರುವವರನ್ನು ಜೊತೆಗೆ ಕರೆತಂದು ಪರಿಚಯಿಸಲಿ.

ಸೇವಾ ಸಂಯೋಜಕಿ:
ಕುರ್ಚಿಯ ಮಾತು ಓದಿ ತುಂಬ ಹೊತ್ತು ಸುಮ್ಮನೆ ಕುಳಿತೆ. ಗಂಟೆಯ ಪುಸ್ತಕವನ್ನು ಒಮ್ಮೆಲೇ ತೆಗೆಯುವ ಅಧಿಕಾರ ನನಗಿಲ್ಲ. ಮುಂದಿನ ಸೆಮಿಸ್ಟರ್‌ನಿಂದ ಒಬ್ಬರಿಗೆ ಒಂದೇ ಜಾಗ, ವಾರಕ್ಕೊಂದೇ ದಿನ. ಹೊಸಬರು ಮೊದಲ ಎರಡು ವಾರ ಹಳಬರ ಜೊತೆಯಲ್ಲೇ ಹೋಗುತ್ತಾರೆ. ಆ ಹುಡುಗನಿಗೆ ಇಂದು ಬೆಳಿಗ್ಗೆ ವಿಷಯ ಹೇಳಿದೆ. ಅಜ್ಜಿ ತನ್ನನ್ನು ಕಾಯಬಹುದೆಂದು ಅವನಿಗೆ ಹೊಳೆದೇ ಇರಲಿಲ್ಲ. ಗುರುವಾರ ಹೋಗುತ್ತೇನೆ ಎಂದಿದ್ದಾನೆ.