315ರ ಲೆಕ್ಕ: ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಕ್ಲಾಸಿಕ್‌ನಲ್ಲಿ ಮಾಯಾ ಪ್ರತಿರೋಧ

ಕಬ್ಬಿಣದಗುರಾಣಿ: ಈ ಆನ್‌ಲೈನ್ ಆಟದ ಮೋಲ್ಟನ್ ಕೋರ್ ಎಂಬ ತಾಣದಲ್ಲಿ ಬೆಂಕಿಯ ಬಾಸ್ (ಬಲಿಷ್ಠ ಶತ್ರು) ರಾಗ್ನರಾಸ್‌ನ ಮುಂದೆ ಟ್ಯಾಂಕ್ ಆಗಿ, ಅಂದರೆ ತಂಡದ ಪರವಾಗಿ ಏಟು ತಿನ್ನುವವನಾಗಿ, ನಿಲ್ಲುವವನಿಗೆ 315 ಅಗ್ನಿ ಪ್ರತಿರೋಧ (ಬೆಂಕಿಯ ಹಾನಿ ತಗ್ಗಿಸುವ ಅಂಕ) ಇರಲೇಬೇಕೆಂದು ನಮ್ಮ ಗಿಲ್ಡ್‌ನ (ಆಟಗಾರರ ಬಳಗದ) ಹಿರಿಯರು ಹಟ ಹಿಡಿದಿದ್ದಾರೆ. ನನ್ನ ಬಳಿ 210 ಇದೆ. ಅಷ್ಟಿದ್ದರೆ ಬೆಂಕಿಯ ಏಟುಗಳಲ್ಲಿ ಅರ್ಧದಷ್ಟು ನನಗೆ ತಾಗುವುದೇ ಇಲ್ಲವಲ್ಲ? ಉಳಿದ 105ಕ್ಕಾಗಿ ಒಳ್ಳೆಯ ಆರ್ಮರ್ (ಆಯುಧದ ಏಟು ತಗ್ಗಿಸುವ ಕವಚ) ಕಳಚಿಡುವುದು ನನಗೆ ದಂಡವೆನಿಸುತ್ತದೆ.

ಲೆಕ್ಕಿಗ: ಅರ್ಧ ಎಂಬ ಸಂಖ್ಯೆ ಸರಿ, ಅದಕ್ಕೆ ನೀವು ಕೊಟ್ಟ ಅರ್ಥ ಸರಿಯಲ್ಲ. ಪ್ರತಿರೋಧವನ್ನು ದಾಳಿಕಾರನ ಲೆವೆಲ್‌ನ ಐದು ಪಟ್ಟಿನಿಂದ ಭಾಗಿಸಿ 0.75ರಿಂದ ಗುಣಿಸಿದರೆ ಸರಾಸರಿ ಕಡಿತ ಸಿಗುತ್ತದೆ. ಬಾಸ್‌ನ ಲೆವೆಲ್ 63 ಆದ್ದರಿಂದ ಭಾಜಕ 315. ನಿಮ್ಮ 210ಕ್ಕೆ ಶೇ. 50, 315ಕ್ಕೆ ಮಿತಿಯಾದ ಶೇ. 75. ಆದರೆ ಹಾನಿ ಮಾತ್ರ ಮಾಡುವ ಏಟು ಸಾಮಾನ್ಯವಾಗಿ ಕಾಲು, ಅರ್ಧ, ಮುಕ್ಕಾಲು ಎಂಬ ಮೆಟ್ಟಿಲುಗಳಲ್ಲಿ ತಗ್ಗುತ್ತದೆ. 2000ದ ಏಟೊಂದು ಒಮ್ಮೆ 1000 ಆಗಿ, ಮರುಕ್ಷಣ 500 ಆಗಿ, ಇನ್ನೊಮ್ಮೆ ಒಂದಿಷ್ಟೂ ತಗ್ಗದೆ ಬಂದೆರಗಬಹುದು.

ಇನ್ನು ಆ 105ರ ವಿಚಾರ. ಮೊದಲ 210 ಅಂಕಗಳು ಹಾನಿಯನ್ನು ಶೇ. 100ರಿಂದ 50ಕ್ಕೆ ಇಳಿಸಿದರೆ, ಕೊನೆಯ 105 ಅಂಕಗಳು 50ರಿಂದ 25ಕ್ಕೆ ಇಳಿಸುತ್ತವೆ. ಅಂದರೆ ಅರ್ಧದಷ್ಟು ಅಂಕಗಳಿಂದಲೇ ನೀವು ತಿನ್ನುವ ಏಟು ಮತ್ತೊಮ್ಮೆ ಅರ್ಧವಾಗುತ್ತದೆ. ಮಿತಿಯ ಹತ್ತಿರ ಹೋದಂತೆ ಒಂದೊಂದು ಅಂಕದ ಬೆಲೆ ಏರುತ್ತದೆಯೇ ಹೊರತು ಇಳಿಯುವುದಿಲ್ಲ.

ಹಿಮದಕಿಡಿ: ಮಂತ್ರ ಪೂರ್ತಿ ವಿಫಲವಾಗುತ್ತದೆ ಎಂಬ ಕಲ್ಪನೆ ಬಂದದ್ದು ಬಹುಶಃ ನಮ್ಮಂಥ ಮೇಜ್‌ಗಳ (ಮಾಂತ್ರಿಕರ) ಹಿಮಮಂತ್ರ ಫ್ರಾಸ್ಟ್‌ಬೋಲ್ಟ್‌ನಿಂದ. ಅದು ಹಾನಿಯ ಜೊತೆಗೆ ಎದುರಾಳಿಯ ವೇಗವನ್ನೂ ತಗ್ಗಿಸುವುದರಿಂದ ಅದಕ್ಕೆ ಮೆಟ್ಟಿಲುಗಳಿಲ್ಲ. ತಾಗಿದರೆ ಪೂರ್ತಿ, ಇಲ್ಲದಿದ್ದರೆ ಸೊನ್ನೆ. ಬೆಂಕಿಮಂತ್ರ ಫೈರ್‌ಬಾಲ್ ಹಾಗಲ್ಲ. ಲೆವೆಲ್ 60ರವರ ಎದುರು ಬಾಸ್‌ಗೆ ಮೂರು ಲೆವೆಲ್‌ಗಳ ಅಂತರಕ್ಕೆ 24 ಪ್ರತಿರೋಧ ಪುಕ್ಕಟೆಯಾಗಿ ಸಿಗುವುದರಿಂದ ಫೈರ್‌ಬಾಲ್‌ನಲ್ಲಿ ಸರಾಸರಿ ಶೇ. 6 ಸೋರಿಹೋಗುತ್ತದೆ, ಸ್ಪೆಲ್ ಪೆನೆಟ್ರೇಶನ್‌ನಿಂದಲೂ (ಎದುರಾಳಿಯ ಪ್ರತಿರೋಧ ತಗ್ಗಿಸುವ ಗುಣದಿಂದಲೂ) ಅದನ್ನು ತಡೆಯಲಾಗದು. ರಾಗ್ನರಾಸ್‌ಗೆ ಬೆಂಕಿ ತಾಗದಿರುವುದು ಬೇರೆಯೇ ವಿಷಯ: ಅದು ಪ್ರತಿರೋಧವಲ್ಲ, ಸಂಪೂರ್ಣ ರಕ್ಷೆ.

ಮದ್ದಿನಮನೆ: ಸೂತ್ರಕ್ಕೆ ನನ್ನ ತಕರಾರಿಲ್ಲ, ಆದರೆ ಹೀಲರ್ (ತಂಡದ ಗಾಯ ಮಾಯಿಸುವವಳು) ಆಗಿ ನೋಡುವವಳಿಗೆ ಸರಾಸರಿ ಅಷ್ಟಾಗಿ ಸಮಾಧಾನ ಕೊಡುವುದಿಲ್ಲ. ನಕ್ಸ್‌ರಾಮಸ್ ಎಂಬ ಇನ್ನೊಂದು ತಾಣದ ಬಾಸ್ ಸಫೀರಾನ್‌ನಂತೆ ಇಡೀ ರೇಡಿಗೆ (ದಾಳಿ ತಂಡಕ್ಕೆ) ಚಳಿ ಎಡೆಬಿಡದೆ ಕುಟುಕುವ ಕಡೆ ನಲವತ್ತು ಜನರಿಗೂ ಸರಾಸರಿಯೇ ಸತ್ಯ, ಅಲ್ಲಿ ಹಿಮ ಪ್ರತಿರೋಧ ಬೇಕೇ ಬೇಕು. ಆದರೆ ಟ್ಯಾಂಕ್ ಸಾಯುವುದು ಸರಾಸರಿಯಿಂದಲ್ಲ, ತಗ್ಗದೆ ಬಂದ ಬೆಂಕಿ ಮತ್ತು ಕತ್ತಿಯೇಟು ಒಂದೇ ಉಸಿರಿಗೆ ಬಿದ್ದಾಗ. ಪ್ರತಿರೋಧಕ್ಕಾಗಿ ಆರ್ಮರ್ ಕಡಿಮೆ ಮಾಡಿಕೊಂಡರೆ ಆ ಎರಡನೆಯದು ಭಾರವಾಗುತ್ತದೆ.

ಲೆಕ್ಕಿಗ: ಒಪ್ಪಿದೆ. ಆದರೂ ಗುರಾಣಿಯವರೇ, ಆ 210 ಪ್ಯಾಲಡಿನ್‌ನ (ಧರ್ಮಯೋಧನ) ಔರಾ, ಅಂದರೆ ಜೊತೆಯವರಿಗೆ ಅಗ್ನಿ ಪ್ರತಿರೋಧ ಕೊಡುವ ಪ್ರಭೆ, ಸೇರಿಯೋ, ಸೇರದೆಯೋ?

ಕಬ್ಬಿಣದಗುರಾಣಿ: ಸೇರದೆ. ಪಾತ್ರದ ಪುಟದಲ್ಲಿ ನಗರದಲ್ಲಿ ನಿಂತು ನೋಡಿದ ಅಂಕಿ ಅದು.

ಲೆಕ್ಕಿಗ: ಹಾಗಾದರೆ ಅದರ 60 ಸೇರಿ ನೀವು ಈಗಾಗಲೇ 270ರಲ್ಲಿದ್ದೀರಿ, ಕಡಿತ ಸುಮಾರು ಶೇ. 64. ಬೇಕಿರುವುದು ಬರೀ 45.

ಮದ್ದಿನಮನೆ: ಅದಕ್ಕೂ ಎದೆಗವಚ ಬದಲಿಸಬೇಡಿ, ಒಂದೆರಡು ಉಂಗುರ ಬದಲಿಸಿ. ಗ್ರೇಟರ್ ಫೈರ್ ಪ್ರೊಟೆಕ್ಷನ್ ಪೋಷನ್ (ಬೆಂಕಿಯ ಹಾನಿ ಹೀರುವ ಮದ್ದು) ಕುಡಿದೇ ಒಳಗೆ ಬನ್ನಿ. ಪ್ರತಿರೋಧ ಕಳೆದು ಉಳಿದದ್ದನ್ನಷ್ಟೇ ಅದು ಹೀರುವುದರಿಂದ, 2000ದ ಏಟು 500ಕ್ಕೆ ಇಳಿದಾಗ ಪೋಷನ್‌ನಿಂದ ಖರ್ಚಾಗುವುದೂ 500 ಮಾತ್ರ.